ತೊಳೆಯದ ಕೊಳವೆ

ಲ್ಯಾಬಿನಲ್ಲಿ ನನ್ನ ಕೆಲಸವೆಲ್ಲ ಬೆಂಕಿಪೊಟ್ಟಣದಷ್ಟು ದೊಡ್ಡ ಗಾಜಿನ ಚಿಪ್ ಒಂದರೊಳಗೆ. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆ. ನಡುವೆ ಆಲ್ಕೋಹಾಲಿನಲ್ಲಿ ಕರಗಿಸಿದ ಔಷಧ ಹರಿಯುತ್ತದೆ, ಎರಡೂ ಬದಿಯಲ್ಲಿ ನೀರು; ಪಂಪು ಇವನ್ನು ಸಣ್ಣ ಕೊಳವೆಗಳಲ್ಲಿ ಒಳಗೆ ತಳ್ಳುತ್ತದೆ. ಅವು ಬೆರೆಯುವಲ್ಲಿ ಔಷಧ ಹರಳುಗಟ್ಟುತ್ತದೆ. ಹರಿವು ಹದವಾಗಿದ್ದರೆ ಹರಳುಗಳೆಲ್ಲ ಒಂದೇ ಗಾತ್ರ. ಆಗ ಮಾತ್ರೆಗಳೂ ಒಂದೇ ರೀತಿ ಕರಗುತ್ತವೆ. ನನಗೆ ತಿಂಗಳುಗಟ್ಟಲೆ ಬಂದದ್ದು ಸೂಜಿಯಂಥ ಹರಳುಗಳು. ಗೋಡೆಗೆ ಅಂಟಿ ಕಾಲುವೆಯನ್ನೇ ಮುಚ್ಚಿಬಿಡುತ್ತಿದ್ದವು.

ಒಂದು ಗುರುವಾರ ಮಾತ್ರ ಸಕ್ಕರೆಯಂತೆ ಸಮನಾದ ಹರಳುಗಳು ಬಂದವು. ನನ್ನ ಗೈಡ್ ಮೇಡಂ ಆ ಚಿತ್ರವನ್ನು ಸೋಮವಾರದ ಪ್ರಗತಿ ಪರಿಶೀಲನೆಯ ಸ್ಲೈಡಿಗೆ ಹಾಕಿಯೇಬಿಟ್ಟರು. ಶುಕ್ರವಾರ ಅದೇ ಪ್ರಯೋಗವನ್ನು ಮೂರು ಸಲ ಮಾಡಿದೆ. ಮೂರು ಸಲವೂ ಸೂಜಿ.

ಪಂಪಿನ ವೇಗ ನೋಡಿದೆ. ಉಷ್ಣತೆ ನೋಡಿದೆ. ಎದ್ದು ಕಿಟಕಿಯ ತನಕ ಹೋದೆ, ಬಂದೆ, ಮತ್ತೆ ಹೋದೆ.

"ಒಮ್ಮೆ ಕೂತ್ಕೊ ಮಾರಾಯ್ತಿ, ನನಗೆ ತಲೆ ತಿರುಗ್ತದೆ," ಎಂದರು ಲ್ಯಾಬ್ ಸಹಾಯಕಿ ಅಕ್ಕ. "ಹರಳಿಗೂ ನಿನ್ನನ್ನು ನೋಡಿ ಹೆದರಿಕೆ ಆಗಿರಬೇಕು."

ಕಾರಣ ಬೇರೆಯೇ ಎಂದು ಒಳಗೊಳಗೆ ನನಗೆ ಗೊತ್ತಿತ್ತು. ಸಂಜೆ ಮನೆಗೆ ಹೋಗುವ ವಾಮದಪದವಿನ ಬಸ್ಸು ತಪ್ಪಬಾರದೆಂದು ನೋಟ್‌ಬುಕ್ಕಿನ ಕೊನೆಯ ಸಾಲನ್ನು ನಾನು ಮಧ್ಯಾಹ್ನವೇ ಬರೆದಿಡುತ್ತಿದ್ದೆ: 'ಕೊಳವೆಗಳನ್ನು ತೊಳೆಯಲಾಗಿದೆ.' ಆಮೇಲೆ ತೊಳೆಯುತ್ತಲೂ ಇದ್ದೆ. ಆ ಬುಧವಾರ ಮಾತ್ರ ತೊಳೆಯದೆ ಓಡಿದ್ದೆ. ಕೊಳವೆಯಲ್ಲಿ ಉಳಿದ ಹರಳಿನ ಪುಡಿಯೇ ಮರುದಿನ ಹೊಸ ಹರಳುಗಳು ಸಮನಾಗಿ ಬೆಳೆಯಲು ಬೀಜವಾಗಿರಬೇಕು.

ಹೇಳಿದರೆ ಚಿತ್ರ ಹೋಗುತ್ತದೆ, ನನ್ನ ಬರಹದ ಮೇಲಿನ ನಂಬಿಕೆಯೂ ಹೋಗುತ್ತದೆ. ಹೇಳದಿದ್ದರೆ ಸೋಮವಾರ ಯಾರೂ ಕೇಳಲಿಕ್ಕಿಲ್ಲ. ಶನಿವಾರ ಮೇಡಂ ಕೋಣೆಯ ಬಾಗಿಲ ತನಕ ಎರಡು ಸಲ ಹೋಗಿ ಹಿಂದೆ ಬಂದೆ. ಮೂರನೆಯ ಸಲ ಅವರೇ ಕರೆದರು.

"ಎಂತ? ಒಳಗೆ ಬರ್ತೀಯೋ, ಅಲ್ಲೇ ಪಹರೆ ಕಾಯ್ತೀಯೋ?"

ಹೇಳಿದೆ. ಅವರು ನೋಟ್‌ಬುಕ್ಕಿನ ಪುಟ ತಿರುವಿದರು.

"ಇಲ್ಲಿ ತೊಳೆದಿದೆ ಅಂತ ಉಂಟಲ್ಲ?"

"ಮೊದಲೇ ಬರೆದದ್ದು, ಮೇಡಂ."

"ಆ ದಿನ ಮಾತ್ರವಾ, ದಿನಾ ಹೀಗೆಯಾ?"

"ದಿನಾ."

ಅವರು ನೋಟ್‌ಬುಕ್ಕನ್ನು ನನ್ನತ್ತ ತಿರುಗಿಸಿ ಪೆನ್ನು ಕೊಟ್ಟರು.

"ಆ ಸಾಲಿಗೆ ಒಂದೇ ಗೆರೆ ಹೊಡಿ. ಕೆಳಗಿನ ಅಕ್ಷರ ಕಾಣಬೇಕು. ತಾರೀಕು ಹಾಕಿ ಸೈನ್ ಮಾಡು," ಎಂದರು. ಸ್ಲೈಡಿನಿಂದ ಚಿತ್ರ ತೆಗೆದರು. "ಮುಂದಿನ ವಾರ ಬೀಜ ತೂಗಿ ಹಾಕಿ ಮಾಡುವ. ಬಂದರೆ ಬಂತು."

ಸೋಮವಾರ ತೋರಿಸಲು ಕಟ್ಟಿಹೋದ ಕಾಲುವೆಗಳ ಚಿತ್ರಗಳಷ್ಟೇ ಉಳಿದವು. ಲ್ಯಾಬಿಗೆ ಮರಳಿ ಒಂದೊಂದರ ಕೆಳಗೂ ಅದರ ವೇಗ, ಅದರ ಉಷ್ಣತೆ ಬರೆಯತೊಡಗಿದೆ. ನಾಲ್ಕನೆಯದರ ಉಷ್ಣತೆ ಬರೆದಿಟ್ಟಿರಲಿಲ್ಲ. ಅಂದಾಜಿನಲ್ಲಿ ತುಂಬಲು ಹೊರಟ ಕೈಯನ್ನು ತಡೆದು, ಆ ಜಾಗವನ್ನು ಖಾಲಿ ಬಿಟ್ಟೆ.