ಮೂರೂವರೆ ಮಹಡಿಯ ಕಥೆ

ನನ್ನ ಸೋದರಮಾವ ಇಪ್ಪತ್ತಾರು ವರ್ಷ ಲಿಫ್ಟ್ ನಡೆಸಿದರು. ಎಂಟು ಮಹಡಿಯ ಹಳೇ ಕಟ್ಟಡ, ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಮೂಲೆಯಲ್ಲೊಂದು ಸ್ಟೂಲು. ಸ್ಟೂಲಿನ ಮೇಲೆ ಮಾವ, ಮಾವನ ತೊಡೆಯ ಮೇಲೆ ಯಾವುದೋ ದೂರದೇಶದ ಕಾದಂಬರಿಯ ಅನುವಾದ. ಬಟನ್ ಒತ್ತಲು ಒಂದು ಬೆರಳು ಸಾಕು, ಉಳಿದ ಒಂಬತ್ತೂ ಪುಸ್ತಕಕ್ಕೆ ಎನ್ನುತ್ತಿದ್ದರು. ಅಲ್ಲೇ ಆರನೇ ಮಹಡಿಯಲ್ಲಿ ಟೈಪಿಸ್ಟ್ ಆಗಿದ್ದ ನಾನು ದಿನಾ ರೇಗಿಸುತ್ತಿದ್ದೆ.

“ಹೆಸರು ಹೇಳೋಕೇ ನಾಲಿಗೆ ಹೊರಳಲ್ಲ. ಅವರ ಕಷ್ಟಸುಖ ಕಟ್ಕೊಂಡು ನಿಮಗೇನಾಗ್ಬೇಕು ಮಾವ?”

“ಏನೂ ಆಗ್ಬೇಕಿಲ್ಲ. ಬಾಯಿ ಮುಚ್ಕೊಂಡು ನಿಂತ್ಕೋ.”

ಒಂದು ಮಧ್ಯಾಹ್ನ ಊಟ ಮುಗಿಸಿ ಮೇಲೆ ಹೋಗುವಾಗ ಕರೆಂಟ್ ಹೋಯಿತು. ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟ್ ಗಕ್ಕನೆ ನಿಂತಿತು. ಒಳಗಿದ್ದವರು ನಾವಿಬ್ಬರೇ. ನನಗೆ ಚಿಕ್ಕಂದಿನಿಂದ ಮುಚ್ಚಿದ ಜಾಗವೆಂದರೆ ಜೀವವೇ ಹೋಗುತ್ತದೆ. ಉಸಿರು ಒಳಗೆ ಹೋಗದಾಯಿತು. ಕತ್ತಿನ ಮಟ್ಟದಲ್ಲಿ ನಾಲ್ಕನೇ ಮಹಡಿಯ ನೆಲ, ಅದರ ಮೇಲೆ ಮೊಳದಷ್ಟು ಸಂದಿ ಕಾಣಿಸುತ್ತಿತ್ತು. ಜಾಲರಿ ಎಳೆದು ತೂರಿಬಿಡಲು ಹೊರಟೆ. ಮಾವ ರಟ್ಟೆ ಹಿಡಿದು ಹಿಂದಕ್ಕೆಳೆದರು.

“ಹುಚ್ಚು ಹಿಡಿದಿದ್ಯಾ? ಈ ಹಳೇ ಡಬ್ಬ ಬಾಗಿಲು ತೆಗೆದಿದ್ರೂ ಓಡತ್ತೆ. ಅರ್ಧ ಮೈ ಹೊರಗಿದ್ದಾಗ ಕರೆಂಟ್ ಬಂದ್ರೆ ಎರಡು ತುಂಡಾಗ್ತೀಯ!”

ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಭಯ ಮರೆಸಲೆಂದು ಕಥೆ ಶುರುಮಾಡಿದರು. ಹಿಮ ಬೀಳುವ ದೇಶ, ಉಪ್ಪಿನ ಗಣಿ, ನೆಲದಡಿಯಲ್ಲಿ ಸಿಕ್ಕಿಕೊಂಡ ಐದು ಜನ. ಓದಿನ ಹುಚ್ಚಿರುವವರು ಮಾತ್ರ ಮಾಡುವ ತಪ್ಪು ಇದು. ಬೇರೆ ಯಾರಾದರೂ ಅಂಥ ಹೊತ್ತಿನಲ್ಲಿ ಅಂಥ ಕಥೆ ಎತ್ತುತ್ತಿದ್ದರೇ? ಆದರೂ ಕೇಳುತ್ತಾ ಹೋದೆ. ಅರ್ಧದಲ್ಲಿ ಮಾವ ಕಥೆ ನಿಲ್ಲಿಸಿದರು. ಕಥೆಯ ಕೊನೆ ಅವರಿಗೆ ಆಗಷ್ಟೇ ನೆನಪಾಗಿತ್ತು.

“ಹೊರಗೆ ಬರ್ತಾರೆ ತಾನೇ ಮಾವ?”

ಮನೆಯಲ್ಲಿ, ಕಚೇರಿಯಲ್ಲಿ ಸಲೀಸಾಗಿ ಸುಳ್ಳು ಹೇಳುವ ಮನುಷ್ಯ. ಪುಸ್ತಕದ ವಿಷಯದಲ್ಲಿ ಮಾತ್ರ ಆಗುವುದಿಲ್ಲ.

“ಇಲ್ಲ ಕಣೆ.”

ಕಿರುಚಿಕೊಂಡು ಅವರ ಎದೆಗೆ ಗುದ್ದಿದೆ. ಮತ್ತೆ ಜಾಲರಿಗೆ ಕೈ ಹಾಕಿದೆ. ಈ ಸಲ ನನ್ನನ್ನು ಹಿಡಿಯುವ ಶಕ್ತಿ ಅವರಿಗಿರಲಿಲ್ಲ. ಆ ಕಥೆಯಲ್ಲಿ ನೆನಪಿಗೆ ಬಂದದ್ದನ್ನು ಹೇಳುತ್ತಾ ಹೋದರು.

“ಅಲ್ಲೊಬ್ಬ ಮುದುಕ. ದೀಪ ಆರೋಕೆ ಮುಂಚೆ ಹೆಂಡತಿಗೆ ಚೀಟಿ ಬರೆಸ್ತಾನೆ. ಅವನಿಗೆ ಬರೆಯೋಕೆ ಬರಲ್ಲ, ಪಕ್ಕದವನು ಬರ್ಕೊಡ್ತಾನೆ. ಎಲ್ಲರ ಮುಂದೆ ಹೆಂಡತಿ ಜೊತೆ ಮಾತಾಡೋಕೆ ಅವನಿಗೆ ನಾಚಿಕೆ. ಅದಕ್ಕೆ ಉಳಿದವರೆಲ್ಲ ಗೋಡೆ ಕಡೆ ತಿರುಗಿ ಕೂತ್ಕೋತಾರೆ.”

ನನ್ನ ಕೈ ಜಾಲರಿಯ ಮೇಲೇ ನಿಂತಿತು. “ಏನಂತ ಬರೆಸ್ದ?”

“ಹಿತ್ತಿಲ ಬಾಗಿಲ ಚಿಲಕ ಸಡಿಲ ಆಗಿದೆ, ಇವತ್ತು ಬಂದು ಸರಿ ಮಾಡ್ತೀನಿ ಅಂದಿದ್ದೆ, ನೀನೇ ಯಾರ ಹತ್ರಾನಾದ್ರೂ ಮಾಡಿಸ್ಕೋ ಅಂತ.”

ಅಷ್ಟರಲ್ಲಿ ಕರೆಂಟ್ ಬಂದು ಲಿಫ್ಟ್ ಜಗ್ಗಿ ಮೇಲೇರಿತು. ಆ ಸಂದಿ ನನ್ನ ಕಣ್ಣೆದುರೇ ಸರ್ರನೆ ಕೆಳಗಿಳಿದು ಮಾಯವಾಯಿತು. ನನ್ನ ತಲೆ ಇರಬೇಕಾಗಿದ್ದ ಜಾಗ ಅದು.

ಆರನೇ ಮಹಡಿಯಲ್ಲಿ ಇಳಿದು ಮೆಟ್ಟಿಲ ಮೇಲೆ ಕೂತೆ. ಯಾರೋ ನೀರು ಕೊಟ್ಟರು.

“ಮಾವ, ಆ ಚೀಟಿ ಅವಳಿಗೆ ಸಿಕ್ತಾ?”

ಮಾವ ನನ್ನ ಪಕ್ಕ ಕೂತರು.

“ಅದನ್ನ ಪುಸ್ತಕದಲ್ಲಿ ಬರೆದಿಲ್ಲಮ್ಮ. ಓದಿ ಹನ್ನೊಂದು ವರ್ಷ ಆಯ್ತು, ಸಿಕ್ತೋ ಇಲ್ವೋ ಅಂತ ನನಗಿನ್ನೂ ಅದೇ ಭಯ.”