ಕೆಂಪಾಗದ ಹಳದಿ

ಸೊರಬದ ಕುಬಟೂರಿನ ನೀಲಾಂಬಿಕೆ ಶಿಕಾರಿಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. 1996ರಲ್ಲಿ ಅವರ ಪಿಎಚ್.ಡಿ. ನಿಂತುಹೋಗುವುದರಲ್ಲಿತ್ತು. ದೀಪಾವಳಿಯೊಳಗೆ ಫಲ ಕಾಣದಿದ್ದರೆ ವಿಷಯ ಬಿಟ್ಟುಬಿಡಿ ಎಂದು ಮಾರ್ಗದರ್ಶಕರು ಹೇಳಿಯಾಗಿತ್ತು.

ಅವರ ವಿಷಯ ಒಂದು ಬಗೆಯ ಜೆಲ್. ಅದರಲ್ಲಿ ಸಣ್ಣ ಅಣುಗಳು ಒಂದಕ್ಕೊಂದು ಆತುಕೊಂಡು ಎಳೆಗಳಾಗಿ, ನೀರನ್ನು ಗಟ್ಟಿ ಮೊಸರಿನಂತೆ ಹಿಡಿದಿಡುತ್ತವೆ. ಆ ಎಳೆಗಳು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತವೆ ಎಂಬುದು ನೀಲಾಂಬಿಕೆಯವರ ನಂಬಿಕೆ. ಕ್ರಿಯೆ ನಡೆದರೆ ಜೆಲ್ ಹಳದಿಯಾಗಬೇಕು. ವರ್ಷಗಟ್ಟಲೆ ಮೋಟಾರಿನಿಂದ ಕಲಕಿದರೂ ಅದು ಬೆಳ್ಳಗೇ ಉಳಿದಿತ್ತು.

ಆಯುಧಪೂಜೆಯ ದಿನ ಅಟೆಂಡರ್ ಗುರುಬಸಪ್ಪ ಮೋಟಾರು ನಿಲ್ಲಿಸಿ, ಫ್ಲಾಸ್ಕುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿದರು.

"ಇದಕ್ಕೂ ಒಂದಿನ ರಜೆ ಬ್ಯಾಡೇನ್ರಿ ಮೇಡಂ?"

ರಜೆ ಮುಗಿಸಿ ಬಂದಾಗ ಜೆಲ್ ಹಳದಿಯಾಗಿತ್ತು. ನೀಲಾಂಬಿಕೆಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು.

"ಒಳಗೆ ಅರಿಶಿನ ಬಿತ್ತೇನ್ರಿ ಗುರುಬಸಪ್ಪ?"

"ಬಿದ್ದಿರಬೌದ್ರಿ. ಕೈ ನಡುಗ್ತದೆ."

ನೀಲಾಂಬಿಕೆ ಗುರುಬಸಪ್ಪನವರ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ಕೇಳಿ ತೆಗೆದುಕೊಂಡರು. ಅರಿಶಿನವಾಗಿದ್ದರೆ ಸುಣ್ಣ ತಾಗಿದೊಡನೆ ಓಕುಳಿಯಂತೆ ಕೆಂಪಾಗಬೇಕು. ಒಂದು ಚಮಚ ಜೆಲ್ಲನ್ನು ಬಟ್ಟಲಿಗೆ ಹಾಕಿ ಸುಣ್ಣ ಬೆರೆಸಿದರು. ಇಬ್ಬರೂ ಬಗ್ಗಿ ನೋಡಿದರು. ಬಟ್ಟಲು ಹಳದಿಯಾಗಿಯೇ ಉಳಿಯಿತು.

ಇಷ್ಟು ವರ್ಷ ಮೊಸರು ಕಡೆದಂತೆ ಎಳೆಗಳನ್ನು ಕಡಿಯುತ್ತಿದ್ದುದು ಮೋಟಾರೇ ಎಂದು ನೀಲಾಂಬಿಕೆಗೆ ಆಗ ಹೊಳೆಯಿತು. ಹೊಸ ಫ್ಲಾಸ್ಕಿನಲ್ಲಿ ಜೆಲ್ ಮಾಡಲು ಕುಳಿತರು. ಗುರುಬಸಪ್ಪ ರೂಢಿಯಂತೆ ಮೋಟಾರಿನ ಸ್ವಿಚ್ಚಿಗೆ ಕೈಹಾಕಿದರು.

"ಬೇಡ," ಎಂದರು ನೀಲಾಂಬಿಕೆ. "ಅದರ ರಜೆ ಇನ್ನೂ ಮುಗಿದಿಲ್ಲ."