ಲೇತಕ್ಕನ ಉಸಿರು

ವರ್ಕ್‌ಶಾಪಿನಲ್ಲಿ ಎಲ್ಲರೂ ಆಕೆಯನ್ನು ಲೇತಕ್ಕ ಎಂದೇ ಕರೆಯುತ್ತಿದ್ದರು. ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ನಲವತ್ತು ವರ್ಷ. ಶಾಫ್ಟ್ ಎಂಬ ಕಬ್ಬಿಣದ ದುಂಡು ಸರಳಿನಿಂದ ಕೊನೆಯ ತೆಳು ಪದರ ತೆಗೆಯುವಾಗ ಉಸಿರು ಬಿಗಿಹಿಡಿಯುವುದು ಆಕೆಯ ಪದ್ಧತಿ. ಆ ತುದಿಯಿಂದ ಈ ತುದಿಗೆ ಒಂದೇ ಉಸಿರು.

ಹೃದಯದಿಂದ ಮೈಗೆಲ್ಲ ರಕ್ತ ಬಿಡುವ ಕವಾಟ ತೀರಾ ಕಿರಿದಾಗಿದೆ ಎಂದು ಡಾಕ್ಟರು ಹೇಳಿದಾಗಿನಿಂದ, ವರ್ಕ್‌ಶಾಪಿನ ಯಜಮಾನನಾದ ತಮ್ಮನದು ಒಂದೇ ರಾಗ.

"ಸಾಕು ಅಕ್ಕ, ಇನ್ನು ಮನೇಲಿರು."

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ!"

ಕವಾಟ ಕಿರಿದಾಗಿದ್ದರೂ ಹೀಗೆ ಏನೂ ಆಗಿಲ್ಲ ಎನ್ನುವವರನ್ನೇ ಡಾಕ್ಟರು ಹುಡುಕುತ್ತಿದ್ದರು. ಅಂಥವರ ಹೃದಯದ ಗೋಡೆ ಒಳಗೊಳಗೇ ಕಲೆಗಟ್ಟಿದೆಯೇ ಎಂದು ಎಂಆರ್‌ಐನಲ್ಲಿ ನೋಡುವುದು ಅವರ ಅಧ್ಯಯನ. ತಮ್ಮನ ಬಾಯಿ ಮುಚ್ಚಿಸಲೆಂದೇ ಲೇತಕ್ಕ ಒಪ್ಪಿದಳು.

ಲೇತ್ ಕೆಲಸ ಎಂದದ್ದೇ ತಡ, ಮೊದಲು ಕಣ್ಣಿನ ಎಕ್ಸ್‌ರೇ ತೆಗೆಸಿದರು. ಕಣ್ಣಲ್ಲಿ ಕಬ್ಬಿಣದ ಚೂರೇನಾದರೂ ಉಳಿದಿದ್ದರೆ ಆ ಯಂತ್ರದ ಅಯಸ್ಕಾಂತ ಅದನ್ನು ಎಳೆಯದೆ ಬಿಡುವುದಿಲ್ಲವಂತೆ. ಚೂರು ಇರಲಿಲ್ಲ. ಯಂತ್ರದೊಳಗೆ ಮಲಗಿಸಿದರು.

"ಉಸಿರು ಬಿಡಿ, ಹಾಗೇ ತಡೆದು ಹಿಡ್ಕೊಳ್ಳಿ," ಎಂದಿತು ಕಿವಿಗೆ ಹಾಕಿದ್ದ ಹೆಡ್‌ಫೋನಿನ ದನಿ. ಉಸಿರು ಹಿಡಿಯೋದನ್ನ ಇವನು ನನಗೆ ಹೇಳಿಕೊಡ್ತಾನೆ ಎಂದು ನಗು ಬಂತು. ಮೂರು ಸಲ ಹಿಡಿದಳು. ನಾಲ್ಕನೆಯದು ನಡುವೆಯೇ ಜಾರಿತು, ಐದನೆಯದೂ ಅಷ್ಟೇ.

ಆಗ ಆಕೆಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು. ಎಂಟು ತಿಂಗಳಿಂದ ಉಸಿರು ಸಾಲದೆ ಆ ಕೊನೆಯ ಪದರವನ್ನು ಎರಡು ಸಲಕ್ಕೆ ತೆಗೆಯುತ್ತಿದ್ದಳು. ನಡುವೆ ಮಿಷನ್ ನಿಲ್ಲಿಸಿ, ಅಳತೆ ನೋಡುವವಳಂತೆ ನಟಿಸಿ ದಣಿವಾರಿಸಿಕೊಳ್ಳುವಳು. ನಿಲ್ಲಿಸಿದಲ್ಲಿ ಉಳಿದ ಗೆರೆಯನ್ನು ಎಮರಿ ಕಾಗದದಿಂದ ಉಜ್ಜಿ ಅಳಿಸುವಳು. ಊರಿಗೆಲ್ಲ ಟೋಪಿ ಹಾಕಿದ್ದು ಸಾಲದೆಂದು ತನಗೂ ಹಾಕಿಕೊಂಡಿದ್ದಳು.

ವಾರದ ನಂತರ ಡಾಕ್ಟರು ಚಿತ್ರ ತೋರಿಸಿದರು. ಹೃದಯದ ಕಪ್ಪು ಗೋಡೆಯಲ್ಲಿ ಬಿಳಿಚಿದ ಒಂದು ಮಚ್ಚೆ. "ಈ ಕಲೆ ಹೋಗಲ್ಲಮ್ಮ. ಕವಾಟ ಬದಲಾಯಿಸಿದ್ರೆ ಇನ್ನಷ್ಟು ಹರಡೋದು ತಪ್ಪಬಹುದು. ನಿಜ ಹೇಳಿ, ಆಯಾಸ ಇದೆಯಾ?"

"ಇದೆ," ಎಂದಳು.

"ನಾನು ಬಡ್ಕೊಂಡಿಲ್ವಾ?" ತಮ್ಮ ಎದ್ದೇ ನಿಂತ. "ಈ ವಯಸ್ಸಲ್ಲಿ ಆಪರೇಶನ್ ಎಲ್ಲ ಬೇಡ. ಮಾತ್ರೆ ತಗೊಂಡು ಮನೇಲಿರ್ತಾಳೆ."

"ಮಾತ್ರೆಗೆ ಕವಾಟ ಅಗಲ ಆಗುತ್ತಾ ಡಾಕ್ಟ್ರೇ?" ಎಂದಳು ಲೇತಕ್ಕ.

"ಇಲ್ಲ."

"ಕೇಳಿಸ್ತಾ? ಬೇರಿಂಗ್ ಸವೆದ್ರೆ ನೀನು ಮಿಷನ್ನನ್ನೇ ಗುಜರಿಗೆ ಹಾಕ್ತೀಯೇನೋ?"

ತಮ್ಮನ ದನಿ ಇಳಿಯಿತು. "ಭಯ ಆಗುತ್ತೆ ಅಕ್ಕ."

"ನನಗೂ ಆಗುತ್ತೆ ಕಣೋ. ಅದಕ್ಕೇಂತ ಮನೇಲಿ ಕೂತು ಸಾಯ್ಲಾ? ಸತ್ರೂ ರಿಪೇರಿ ಮಾಡಿಸ್ಕೊಳ್ತಾನೇ ಸಾಯ್ತೀನಿ."

ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಆಕೆ ಡಾಕ್ಟರ ಮೇಜಿನ ಪೆನ್ನು ಎತ್ತಿಕೊಂಡು, ಆಪರೇಶನ್ನಿನ ಒಪ್ಪಿಗೆಗೆ ಸಹಿ ಎಲ್ಲಿ ಹಾಕಬೇಕೆಂದು ಕೇಳುತ್ತಿದ್ದಳು.